ಕತ್ತಲ ರಾತ್ರಿಯ ಬೆಳದಿಂಗಳು



ನಾನು ಏಳೆಂಟು ವರ್ಷದ ಹುಡುಗನಿದ್ದಾಗ ಅಜ್ಜಿಯ ಹತ್ತಿರ ಒಂದು ತಕರಾರು ತೆಗೆದಿದ್ದೆ. ಪೀರಲ ಹಬ್ಬದ, ಅಂದರೆ ಮೊಹರಮ್ಮಿನ, ಒಂಬತ್ತನೆಯ ರಾತ್ರಿ. ಬಳ್ಳಾರಿ ಪಕ್ಕದ ಸಂಗನಕಲ್ಲು ಸುತ್ತಿನ ನಮ್ಮ ಸೀಮೆಯಲ್ಲಿ ಆ ರಾತ್ರಿಗೆ ಕತ್ತಲ ರಾತ್ರಿ ಅಂತಲೇ ಹೆಸರು. ಮಸೂತಿಯ ಮುಂದೆ ಅಲಾಯಿ ಕುಣಿ ಉರಿಯುತ್ತಿತ್ತು. ಹಲಗೆಯವರು ಕಾಸಿ ಕಾಸಿ ಬಡಿಯುತ್ತಿದ್ದರು. ಅಜ್ಜಿಯ ಸೆರಗು ಹಿಡಿದು ಮೇಲೆ ನೋಡಿದರೆ ಮುಕ್ಕಾಲು ತುಂಬಿದ ಚಂದ್ರ! ಗುಡ್ಡದ ಬಂಡೆಗಳನ್ನು ಒಂದೊಂದಾಗಿ ಎಣಿಸಬಹುದು, ಅಷ್ಟು ಬೆಳದಿಂಗಳು.

"ಅಜ್ಜೀ, ಇಷ್ಟು ಬೆಳಕೈತಿ. ಕತ್ತಲ ರಾತ್ರಿ ಅಂತಾರಲ್ಲ, ಯಾಕ?" ಅಂದೆ.

"ಮಕ್ಕಳು ಸತ್ತ ಮನ್ಯಾಗ ಬೆಳದಿಂಗಳು ಯಾರಿಗೆ ಕಾಣ್ತತೋ ತಮ್ಮಾ" ಅಂದಳು ಅಜ್ಜಿ. ಅಂದು, ಪೀರರ ಮುಂದೆ ಸಕ್ಕರೆ ಓದಿಸಲು ನಡೆದಳು.

ಕಾಲೇಜಿಗೆ ಬಂದ ಮೇಲೆ ಒಂದು ದಿನ ಉರ್ದು ನಿಘಂಟು ತಿರುವುವಾಗ ‘ಕತ್ಲ್’ ಎಂಬ ಅರಬ್ಬಿ ಮಾತು ಕಣ್ಣಿಗೆ ಬಿತ್ತು. ಕತ್ಲ್ ಅಂದರೆ ಕೊಲೆ. ದಖನಿಯಲ್ಲಿ ಮೊಹರಮ್ಮಿನ ಆ ರಾತ್ರಿಯನ್ನು ಕತ್ಲ್ ಕೀ ರಾತ್ ಅನ್ನುತ್ತಾರೆ. ಕರ್ಬಲದ ಮೈದಾನದಲ್ಲಿ ಪೈಗಂಬರರ ಮೊಮ್ಮಗ ಹುಸೇನರನ್ನು ಕೊಂದ ದಿನದ ಹಿಂದಿನ ರಾತ್ರಿ ಅದು. ನಮ್ಮ ಕಿವಿಗೆ ‘ಕತ್ಲ್’ ಅನ್ನುವ ಸದ್ದು ಬಿದ್ದಾಗ ಮನೆಯಲ್ಲೇ ಇದ್ದ ‘ಕತ್ತಲು’ ಎದ್ದು ಬಂದು ಅದನ್ನು ಒಳಗೆ ಕರೆದುಕೊಂಡಿದೆ. ನನಗೆ ಆಗ ಎಂಥ ಹಿಗ್ಗು! ಅಜ್ಜಿಯ ತಪ್ಪು ಹಿಡಿದೆ ಅಂತ ಊರಿಗೆ ಓಡಿದೆ. ಅಜ್ಜಿ ಕೇಳಿಸಿಕೊಂಡಳು. "ಕೊಲಿ ಆದ ರಾತ್ರಿ ಕತ್ತಲಲ್ದ ಇನ್ನೇನೋ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪರಭಾಷೆಯ ಮಾತು ಬೆರೆತ ಹಾಡನ್ನು, ಅದರಲ್ಲೂ ದೇವರ ಹಾಡನ್ನು ಬಿಡಿಸಿ ಅರ್ಥ ಹೇಳುವ ಕೆಲಸದ ಬಗ್ಗೆ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ಆ ಕೆಲಸದಲ್ಲಿ ನಿಘಂಟಿನ ಅರ್ಥ ಯಾವುದು, ಹಾಡುವವರ ಅರ್ಥ ಯಾವುದು, ಎರಡರಲ್ಲಿ ಯಾವುದನ್ನು ಮೊದಲು ಬರೆದುಕೊಳ್ಳಬೇಕು ಅನ್ನುವ ಪ್ರಶ್ನೆ ನನ್ನನ್ನು ಆ ರಾತ್ರಿಯಿಂದ ಬಿಟ್ಟಿಲ್ಲ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಪೀರಲ ಹಬ್ಬ ಮಾಡುವವರು ಯಾರು ಅಂತ ಹೊರಗಿನವರಿಗೆ ಹೇಳಿದರೆ ನಂಬುವುದು ಕಷ್ಟ. ಉತ್ತರ ಕರ್ನಾಟಕದಲ್ಲಿ ಒಂದೂ ಸಾಬರ ಮನೆ ಇಲ್ಲದ ಹಳ್ಳಿಗಳಲ್ಲೂ ಈ ಹಬ್ಬ ನಡೆಯುತ್ತದೆ. ಅಲಾಯಿ ಕುಣಿ ತೋಡುವವರು, ಪದ ಹೇಳುವವರು, ಹೆಜ್ಜೆ ಹಾಕುವವರು ಬೇಸಾಯದವರು, ಕುರಿ ಕಾಯುವವರು. ಅವರು ಹಾಡುವ ಪದ ಕನ್ನಡದ್ದೇ. ಆದರೆ ಅದರ ಕೀಲಿನ ಮಾತುಗಳು ಅರಬ್ಬಿ, ಪಾರಸಿ, ದಖನಿ. ಜೋಳದ ಹಿಟ್ಟಿನಲ್ಲಿ ಸಿಕ್ಕ ಕಲ್ಲಿನ ಹಾಗಲ್ಲ, ರೊಟ್ಟಿಯ ಮೇಲಿನ ಎಳ್ಳಿನ ಹಾಗೆ ಅಂಟಿಕೊಂಡಿವೆ.

ಈ ಮಾತುಗಳು ನಮ್ಮ ಎರೆಹೊಲಕ್ಕೆ ಬಂದ ದಾರಿ ದೊಡ್ಡದು. ಕರ್ಬಲದ ಕಾಳಗ ಹಿಜರಿ 61ರ ಮೊಹರಂ ತಿಂಗಳ ಹತ್ತನೆಯ ದಿನ, ಕ್ರಿಸ್ತಶಕದ ಲೆಕ್ಕದಲ್ಲಿ 680ರ ಅಕ್ಟೋಬರಿನಲ್ಲಿ ನಡೆಯಿತು. ಆ ದುಃಖ ಅರಬ್ಬಿಯಿಂದ ಪಾರಸಿಗೆ ಬಂತು. ಪಾರಸಿಯಿಂದ ಬಿಜಾಪುರ, ಗೋಲ್ಕೊಂಡದ ಅರಮನೆಗಳಿಗೆ ಬಂತು. ಅಲ್ಲಿ ದಖನಿ ಭಾಷೆಯಲ್ಲಿ ಮರ್ಸಿಯಾ ಎಂಬ ಶೋಕಗೀತೆಗಳು ಹುಟ್ಟಿದವು. 1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ನಮ್ಮ ಸೀಮೆಗೆ ಬಿಜಾಪುರದ ನೆರಳು ಬಿತ್ತು. ಅರಮನೆಯ ಶೋಕ ಕುದುರೆ ಲಾಯಕ್ಕೆ, ಸಂತೆಗೆ, ಹೊಲಕ್ಕೆ ಇಳಿಯಿತು. ಇಳಿಯುತ್ತ ಇಳಿಯುತ್ತ ಒಂದೊಂದು ಊರಲ್ಲಿ ಒಂದೊಂದು ಅಂಗಿ ತೊಟ್ಟಿತು.

‘ಪೀರಲ ದೇವರು’ ಅನ್ನುವ ಮಾತನ್ನೇ ನೋಡಿ. ಪೀರ ಪಾರಸಿ ಮಾತು. ಹಿರಿಯ, ಗುರು ಅಂತ ಅರ್ಥ. ಕೊನೆಗೆ ದೇವರು, ಅದು ಕನ್ನಡ. ನಡುವಿನ ಆ ‘ಲ’ ಎಲ್ಲಿಂದ ಬಂತು? ತೆಲುಗಿನಿಂದ. ತೆಲುಗಿನಲ್ಲಿ ಪೀರುಲು ಅಂದರೆ ಪೀರರು. ಪೀರ್ಲ ಪಂಡುಗ ಅಂದರೆ ಪೀರರ ಹಬ್ಬ. ಆ ಬಹುವಚನದ ಪ್ರತ್ಯಯವನ್ನು ನಾವು ಹೆಸರಿನ ಭಾಗ ಅಂದುಕೊಂಡು ಹಾಗೇ ಇಟ್ಟುಕೊಂಡೆವು. ಆಲೂರು, ಆದೋನಿ, ರಾಯದುರ್ಗ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. 1953ರಲ್ಲಿ ಅವು ಆಂಧ್ರಕ್ಕೆ ಹೋದವು, ಬಳ್ಳಾರಿ ಅಕ್ಟೋಬರ್ 1ರಂದು ಮೈಸೂರು ರಾಜ್ಯ ಸೇರಿತು. ತಾಲ್ಲೂಕುಗಳನ್ನು ಹಂಚಿಕೊಂಡರು. ಪೀರಲ ದೇವರಲ್ಲಿನ ‘ಲ’ಕಾರವನ್ನು ಯಾರೂ ವಾಪಸ್ಸು ಕೇಳಲಿಲ್ಲ.

ಅಲಾಯಿ ಅನ್ನುವುದನ್ನು ಅಲ್ಲಾ ಎಂಬುದರಿಂದ ಬಿಡಿಸುವವರನ್ನು ಕಂಡಿದ್ದೇನೆ. ಅದು ಸರಿಯಲ್ಲ. ಅಲಾವ ಅಂದರೆ ಬೆಂಕಿಯ ಕುಣಿ, ಉತ್ತರದ ಕಡೆ ಚಳಿಗಾಲದಲ್ಲಿ ಕಾಯಿಸಿಕೊಳ್ಳುವ ಬೆಂಕಿಗೂ ಅಲಾವ್ ಅನ್ನುತ್ತಾರೆ. ಐಸುರ ಅನ್ನುವ ಮಾತು ನಮ್ಮ ಪದಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಶಿಶುನಾಳ ಶರೀಫರ ಮೊಹರಂ ಪದಗಳಲ್ಲೂ ಇದೆ. ಒಬ್ಬ ಪಂಡಿತರು ನನಗೆ ಅದನ್ನು ‘ಐದು ಸುರರು’ ಅಂತ ಬಿಡಿಸಿ ತೋರಿಸಿದ್ದರು. ಚೆಂದವಾಗಿತ್ತು, ಹಬ್ಬದಲ್ಲಿ ಹೊರುವ ಹಸ್ತದಾಕಾರದ ಪಂಜಾದ ಐದು ಬೆರಳಿಗೂ ಹೊಂದುತ್ತಿತ್ತು. ಆದರೆ ಆಶೂರಾ ಎಂಬ ಅರಬ್ಬಿ ಮಾತು ಮೊಹರಮ್ಮಿನ ಹತ್ತನೆಯ ದಿನದ ಹೆಸರು. ಐಸುರ ಅದರ ಮಗ. ಅರ್ಥ ಚೆಂದವಾಗಿ ಹೊಂದಿಕೊಂಡಷ್ಟೂ ನಾನೀಗ ಅನುಮಾನ ಪಡುತ್ತೇನೆ.

ಇನ್ನು ರಿವಾಯತ. ನಮ್ಮಲ್ಲಿ ರಿವಾಯತ ಅಂದರೆ ಹಬ್ಬದಲ್ಲಿ ಹಾಡುವ ಒಂದು ಬಗೆಯ ಪದ. ಅರಬ್ಬಿಯಲ್ಲಿ ರಿವಾಯತ್ ಅಂದರೆ ಒಬ್ಬರಿಂದ ಕೇಳಿ ಇನ್ನೊಬ್ಬರಿಗೆ ಒಪ್ಪಿಸುವ ನಿರೂಪಣೆ. ಪೈಗಂಬರರ ಮಾತನ್ನು ಇಂಥವರು ಇಂಥವರಿಂದ ಕೇಳಿದರು ಎಂದು ಸರಪಣಿ ಹಿಡಿದು ಹೇಳುವುದಕ್ಕೂ ಇದೇ ಮಾತು. ನಮ್ಮ ಪದಗಾರರೂ ಅದನ್ನೇ ಮಾಡುತ್ತಾರೆ. ಗುರು ಯಾರು, ಗುರುವಿನ ಗುರು ಯಾರು, ಯಾವ ಊರಿನ ಮೇಳ ಅಂತ ಹೇಳಿಯೇ ಪದ ಎತ್ತುತ್ತಾರೆ. ಹೆಸರಿನ ಮೂಲ ಅರ್ಥ ಮರೆತಿದ್ದಾರೆ, ಕೆಲಸ ಮಾತ್ರ ಮರೆತಿಲ್ಲ.

ಬೇರೆ ಭಾಷೆಯ ಸದ್ದು ಕನ್ನಡ ಕಿವಿಯಲ್ಲಿ ಎಲ್ಲಿ ಎಡವುತ್ತದೆ ಅಂತ ಸ್ವಲ್ಪ ಹೇಳಬೇಕು. ಅರಬ್ಬಿಯಲ್ಲಿ ‘ಸ’ ಅಂತ ನಾವು ಕೇಳಿಸಿಕೊಳ್ಳುವ ಸದ್ದಿಗೆ ಮೂರು ಬೇರೆ ಅಕ್ಷರಗಳಿವೆ, ‘ಹ’ಕ್ಕೆ ಎರಡಿವೆ, ಗಂಟಲ ಆಳದಿಂದ ಬರುವ ಒಂದು ‘ಕ’ ಬೇರೆಯೇ ಇದೆ. ನಮ್ಮ ಹಳ್ಳಿಯ ಬಾಯಲ್ಲಿ ಹಕಾರ ಇದ್ದಲ್ಲಿ ಜಾರುತ್ತದೆ, ಇಲ್ಲದ ಕಡೆ ಹಾಜರಾಗುತ್ತದೆ. ಹಸನ್ ಹುಸೇನ್ ಅಸೇನ ಉಸೇನರಾದರು. ಹಸನರ ಮಗ ಕಾಸಿಂ ನಮ್ಮಲ್ಲಿ ಕಾಶೀಂ ಆಗಿ ಕಾಶಿಯನ್ನು ಹೊತ್ತುಕೊಂಡ. ‘ದೀನ್, ದೀನ್’ ಅನ್ನುವ ಕೂಗಿದೆ. ಅರಬ್ಬಿಯಲ್ಲಿ ದೀನ್ ಅಂದರೆ ಧರ್ಮ. ನಮ್ಮವರಿಗೆ ಅದು ಗತಿಯಿಲ್ಲದ ದೀನ.

ಎಲ್ಲಕ್ಕಿಂತ ತಮಾಷೆಯದು ‘ಯಾ’. ಅರಬ್ಬಿಯಲ್ಲಿ ಯಾ ಅಂದರೆ ಓ ಅಂತ ಕರೆಯುವುದು. ಯಾ ಹುಸೇನ್ ಅಂದರೆ ಓ ಹುಸೇನನೇ. ನಮ್ಮ ಕಡೆ ‘ಯಾ’ ಅಂದರೆ ಯಾವ: ಯಾ ಊರು, ಯಾ ಓಣಿ. ಚಿಕ್ಕಂದಿನಲ್ಲಿ ನಾವು ಹುಡುಗರು ಈ ಕೂಗು ಕೇಳಿ "ಯಾ ಹುಸೇನಲೇ? ಮ್ಯಾಗಳ ಓಣಿ ಹುಸೇನಪ್ಪನೋ, ಹಳ್ಳದ ಕಡಿ ಹುಸೇನಪ್ಪನೋ?" ಅಂತ ನಗುತ್ತಿದ್ದೆವು. ಹುಸೇನಪ್ಪ, ಫಕೀರಪ್ಪ, ಹುಸೇನಮ್ಮ ಅನ್ನುವ ಹೆಸರು ಇಡುವವರಲ್ಲಿ ಮುಸಲ್ಮಾನರಲ್ಲದವರೇ ಬಹಳ ಅನ್ನುವುದು ಆಗ ನಮಗೆ ವಿಶೇಷ ಅನ್ನಿಸಿರಲಿಲ್ಲ. ನಮ್ಮ ಕಡೆ ಇನ್ನೂ ಒಂದು ‘ಯಾ’ ಇದೆ. ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ಬೈಬಲನ್ನು ಕನ್ನಡಕ್ಕೆ ತಂದ. ಅಲ್ಲಿಂದ ನಮ್ಮೂರ ಚರ್ಚುಗಳ ಕನ್ನಡ ಹಾಡಿಗೆ ‘ಹಲ್ಲೆಲೂಯಾ’ ಬಂತು. ಹೀಬ್ರೂವಿನಲ್ಲಿ ‘ಹಲ್ಲೆಲು’ ಅಂದರೆ ಸ್ತುತಿಸಿರಿ. ಕೊನೆಯ ‘ಯಾ’ ದೇವರ ಹೆಸರಿನ ಚಿಕ್ಕ ರೂಪ. ಒಂದೇ ಊರಲ್ಲಿ ಮೂರು ಯಾ. ಒಂದು ಕರೆಯುತ್ತದೆ, ಒಂದು ದೇವರೇ ಆಗಿದೆ, ಇನ್ನೊಂದು ಯಾವುದು ಅಂತ ಕೇಳುತ್ತದೆ.

ಈಗ ನನ್ನ ಮುಖಭಂಗದ ಕಥೆ. ಮೆರವಣಿಗೆಯಲ್ಲಿ ಜನ ‘ದೂಲಾ, ದೂಲಾ’ ಅಂತ ಕೂಗುತ್ತಾರೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನೊಂದು ಲೇಖನ ಬರೆದು ಇದನ್ನು ಬಿಡಿಸಿಬಿಟ್ಟಿದ್ದೆ. ದೂಲಾ ಅಂದರೆ ಧೂಳು. ಕರ್ಬಲದ ಮರಳುಗಾಡಿನಲ್ಲಿ ಎದ್ದ ಧೂಳು, ಹುಸೇನರ ಕುದುರೆಯ ಕಾಲಿನ ಧೂಳು, ನಮ್ಮ ಬಳ್ಳಾರಿಯ ಬೇಸಿಗೆಯ ಧೂಳಿಗೂ ಅದಕ್ಕೂ ನಂಟು ಅಂತೆಲ್ಲ ಎರಡು ಪುಟ. ಗೆಳೆಯರು ಮೆಚ್ಚಿಕೊಂಡರು. ಮುಂದೆ ಮೇಷ್ಟರ ಕೆಲಸ ಸಿಕ್ಕ ಮೇಲೆ, ಪದ ಹೇಳುವ ಒಬ್ಬ ತಾತನ ಮುಂದೆ ಕೂತು ಅವರ ಪದಗಳನ್ನು ಬರೆದುಕೊಳ್ಳುತ್ತಿದ್ದೆ. ಕುರಿ ಕಾಯುವ ಮನೆತನ, ಓದು ಬರಹ ಇಲ್ಲ. ದೂಲಾ ಬಂದ ಕಡೆ ಪೆನ್ನು ನಿಲ್ಲಿಸಿ ಧೂಳಿನ ವಿಚಾರ ವಿವರಿಸಿದೆ. ತಾತ ಬಾಯಲ್ಲಿನ ಎಲೆಅಡಿಕೆ ಉಗಿದು ಬಂದು ಕೂತರು.

"ಧೂಳಲ್ಲ ಮೇಷ್ಟ್ರೇ, ಮದುಮಗ. ಕಾಶೀಂ ಮದುಮಗ. ಬಾಸಿಂಗ ಕಟ್ಟಿಕೊಂಡವನು ಅವತ್ತೇ ಕಾಳಗಕ್ಕ ಹೋದ. ಹೊಳ್ಳಿ ಬರಲಿಲ್ಲ. ಮದುಮಗಾ, ಮದುಮಗಾ ಅಂತ ಅಳೋದು ಅದು."

ಸರಿಯಾಗಿತ್ತು. ದಖನಿಯಲ್ಲಿ ದೂಲ್ಹಾ ಅಂದರೆ ವರ. ಕಾಸಿಂಗೆ ಹುಸೇನರ ಮಗಳನ್ನು ಕೊಟ್ಟು ಕರ್ಬಲದಲ್ಲೇ ಮದುವೆ ಮಾಡಿದರು, ಅರಿಶಿನ ಆರುವ ಮೊದಲೇ ಆತ ಸತ್ತ ಅನ್ನುವುದು ಜನರಲ್ಲಿ ಬೆಳೆದು ಬಂದ ಕಥೆ. ನನಗೆ ಪುಸ್ತಕದ ಸಾಕ್ಷಿ ಆಮೇಲೆ ಸಿಕ್ಕಿತು. 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಕಾನೂನ್-ಎ-ಇಸ್ಲಾಂ’ ಎಂಬ ಗ್ರಂಥ ಇದೆ. ಬರೆದವರು ಜಾಫರ್ ಶರೀಫ್, ಇಂಗ್ಲಿಷಿಗೆ ತಂದವನು ಮದ್ರಾಸ್ ಸರ್ಕಾರದ ವೈದ್ಯ ಹರ್ಕ್‌ಲಾಟ್ಸ್. ದಖನಿನ ಮೊಹರಂ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಅದರಲ್ಲಿ ದಿನ ದಿನವಾಗಿ ಬರೆದಿದ್ದಾರೆ. ಅಲಾವದ ಸುತ್ತ ಕುಣಿಯುವವರು ದೂಲ್ಹಾ ಅಂತ ಕೂಗುವುದೂ, ಅದಕ್ಕೆ ಮದುಮಗ ಎಂಬ ಅರ್ಥವೂ ಅಲ್ಲಿವೆ. ತಾತ ಆ ಪುಸ್ತಕದ ಹೆಸರು ಕೇಳಿದವರಲ್ಲ. ಅಚ್ಚಿನ ಪುಸ್ತಕವನ್ನು ಮೊದಲೇ ನೋಡಿದ್ದರೆ ನಾನು ಅವರನ್ನು ಕೇಳುತ್ತಲೇ ಇರಲಿಲ್ಲವೇನೋ. ಆಗ ಬಾಸಿಂಗದ ವಿಚಾರ ನನಗೆ ಸಿಗುತ್ತಿರಲಿಲ್ಲ. ಪುಸ್ತಕದಲ್ಲಿ ಬಾಸಿಂಗ ಇಲ್ಲ. ಅದು ನಮ್ಮ ಕುರುಬರ ತಾತ ಕಾಸಿಂಗೆ ಕಟ್ಟಿದ್ದು.

ಅದೇ ಪುಸ್ತಕದಲ್ಲಿ ನನಗೆ ಇನ್ನೊಂದು ವಿಷಯ ಸಿಕ್ಕಿತು. ಅಮಾವಾಸ್ಯೆ ಕಳೆದು ಚಂದ್ರ ಕಂಡ ಸಂಜೆ ಅಲಾವ ತೋಡಲು ಮೊದಲ ಏಟು ಹಾಕುವುದಕ್ಕೆ ದಖನಿಯಲ್ಲಿ ‘ಕುದಾಲಿ ಮಾರ್ನಾ’ ಅನ್ನುತ್ತಾರೆ. ನಾವು ‘ಗುದ್ದಲಿ ಹಾಕೋದು’ ಅನ್ನುತ್ತೇವೆ. ಗುದ್ದಲಿಗೂ ಕುದಾಲಿಗೂ ಇರುವ ನೆಂಟಸ್ತನ ಈ ನೆಲದ್ದೇ, ಅರಬ್ಬಿ ಪಾರಸಿಗೆ ಅದರ ಸಂಬಂಧವಿಲ್ಲ. ಸಾಲ ನಾವೊಬ್ಬರೇ ತಂದಿಲ್ಲ, ಕೊಟ್ಟಿದ್ದೂ ಉಂಟು ಅನ್ನುವುದಕ್ಕೆ ಹೇಳಿದೆ. ಇನ್ನೊಂದು ಕಡೆ, ಹಸುಗೂಸಿನ ತಲೆಗೆ ತಾಯಂದಿರು ಕಟ್ಟುವ ಕುಲಾವಿ ಪಾರಸಿಯ ಕುಲಾಹದಿಂದ ಬಂದದ್ದು. ಹಂಪಿಯ ಅರಸರು ಆಸ್ಥಾನದಲ್ಲಿ ತೊಡುತ್ತಿದ್ದ ಉದ್ದ ಟೋಪಿಗೆ ಕುಳ್ಳಾಯಿ ಎಂದೇ ಹೆಸರು. ಪಕ್ಕದ ಅನಂತಪುರ ಜಿಲ್ಲೆಯ ಗೂಗೂಡಿನಲ್ಲಿ ಮೊಹರಂ ಹೊತ್ತಿಗೆ ಜನಸಾಗರ ಸೇರುವ ಪೀರನ ಹೆಸರೂ ಕುಳ್ಳಾಯಪ್ಪ. ತೊಟ್ಟಿಲ ಕೂಸು, ಹಂಪಿಯ ರಾಯ, ಗೂಗೂಡಿನ ಪೀರ, ಮೂವರ ತಲೆಯ ಮೇಲೂ ಒಂದೇ ಮಾತು.

ತಪ್ಪಾಗಿ ಕೇಳಿಸಿಕೊಳ್ಳುವುದು ಹಳ್ಳಿಗರ ಗುಣ ಅಂತ ತಿಳಿಯಬೇಡಿ. ಇಂಗ್ಲಿಷರ ಸೋಲ್ಜರುಗಳು ದಂಡಿನ ಊರುಗಳಲ್ಲಿ ಮೊಹರಂ ಮೆರವಣಿಗೆ ನೋಡುತ್ತಿದ್ದರು. ‘ಯಾ ಹಸನ್, ಯಾ ಹುಸೇನ್’ ಎಂಬ ಕೂಗು ಅವರ ಕಿವಿಯಲ್ಲಿ ‘ಹಾಬ್ಸನ್-ಜಾಬ್ಸನ್’ ಆಯಿತು. ಅವರ ಊರಿನ ಇಬ್ಬರು ಗೃಹಸ್ಥರ ಹೆಸರಿನ ಹಾಗೆ! 1886ರಲ್ಲಿ ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಅವರ ದೊಡ್ಡ ನಿಘಂಟು ಹೊರಬಂದಾಗ ಅದಕ್ಕೆ ಇದೇ ಹೆಸರು. ಭಾರತದ ಮಾತುಗಳು ಇಂಗ್ಲಿಷಿನಲ್ಲಿ ಏನೇನಾದವು ಅನ್ನುವುದೇ ಅದರ ವಿಷಯ. ಬರ್ನೆಲ್ ನಮ್ಮ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು, ತುಳುವರ ಪಾಡ್ದನಗಳನ್ನು ಇಂಗ್ಲಿಷಿಗೆ ತಂದವನು. ಪರಭಾಷೆಯ ಸದ್ದನ್ನು ತನ್ನ ಭಾಷೆಯ ಮಾತಿನ ಅಚ್ಚಿಗೆ ಎರಕ ಹೊಯ್ಯುವುದಕ್ಕೆ ಭಾಷಾಶಾಸ್ತ್ರಜ್ಞರು ‘ಹಾಬ್ಸನ್-ಜಾಬ್ಸನ್ ನಿಯಮ’ ಅನ್ನುತ್ತಾರೆ. ಸೋಲ್ಜರು ಮಾಡಿದರೆ ನಿಯಮ, ನಮ್ಮಜ್ಜಿ ಮಾಡಿದರೆ ತಪ್ಪು! ಅದೇ ಕೂಗು ಕಬ್ಬಿನ ತೋಟದ ಕೂಲಿಗಳ ಜೊತೆ ಹಡಗು ಹತ್ತಿ ಟ್ರಿನಿಡಾಡಿಗೆ ಹೋಗಿ ‘ಹೊಸೇ’ ಎಂಬ ಹಬ್ಬವಾಯಿತು. 1884ರಲ್ಲಿ ಅಲ್ಲಿನ ಸರ್ಕಾರ ಮೆರವಣಿಗೆ ತಡೆದು ಗುಂಡು ಹಾರಿಸಿದ್ದೂ ಇತಿಹಾಸದಲ್ಲಿದೆ. ಮೆರವಣಿಗೆಯಲ್ಲಿ ಹೊರುವ ಗೋರಿಯ ಮಾದರಿಗೆ ನಾವು ತಾಬೂತು ಅನ್ನುತ್ತೇವೆ, ಅದನ್ನು ಸುಮಾತ್ರಾ ದ್ವೀಪದವರು ‘ತಾಬುಇಕ್’ ಅಂತ ಕರೆದು ಸಮುದ್ರಕ್ಕೆ ಬಿಡುತ್ತಾರೆ.

ಹಾಡುವವರು ಇದ್ದಾಗಲೇ ಅವರ ಅರ್ಥ ಕೇಳಿಟ್ಟುಕೊಳ್ಳಬೇಕು ಅನ್ನುವುದು ಸಂಗನಕಲ್ಲಿನವರಿಗೆ ಬೇಗ ಅರ್ಥವಾಗಬೇಕು. ನಮ್ಮ ಪಕ್ಕದ ಕುಪಗಲ್ಲು ಗುಡ್ಡದಲ್ಲಿ ಕರಿಕಲ್ಲಿನ ಬಂಡೆಗಳಿವೆ. ಮೇಲೆ ಬಟ್ಟಲಿನಂಥ ಕುಳಿಗಳು. ಸಣ್ಣ ಕಲ್ಲು ತೆಗೆದುಕೊಂಡು ಆ ಕುಳಿಗೆ ಬಡಿದರೆ ಗಂಟೆಯ ಹಾಗೆ ನಾದ ಹೊರಡುತ್ತದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಇಲ್ಲಿ ನವಶಿಲಾಯುಗದ ನೆಲೆ ಇದೆ ಎಂದು ಗುರುತಿಸಿದ. ಈ ನಾದದ ಕಲ್ಲುಗಳ ಬಗ್ಗೆ ಫಾಸೆಟ್ ಎಂಬಾತ 1892ರಲ್ಲೇ ಬರೆದಿದ್ದ. ಆಮೇಲೆ ಅದು ಮರೆತೇ ಹೋದಂತಾಗಿತ್ತು. ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ 2004ರಲ್ಲಿ ಲೇಖನ ಪ್ರಕಟಿಸಿದ ಮೇಲೆ ಜಗತ್ತು ಮತ್ತೆ ತಿರುಗಿ ನೋಡಿತು. ನಾಲ್ಕು ಸಾವಿರ ವರ್ಷದ ಹತ್ತಿರದ ವಾದ್ಯ ಹಾಗೇ ಇದೆ, ಬಡಿದ ಪೆಟ್ಟಿನ ಗುರುತೂ ಇದೆ. ಅದರ ಜೊತೆ ಯಾವ ದೇವರನ್ನು ಹೇಗೆ ಕೂಗಿದರು ಅನ್ನುವ ಮಾತು ಒಂದಕ್ಷರವೂ ಉಳಿದಿಲ್ಲ. ಹಾಡುವ ಬಾಯಿ ಇದ್ದಾಗ ಕೇಳುವವರು ಇರಬೇಕಿತ್ತು ಅಂತ ಆ ಬಂಡೆಯ ಮುಂದೆ ನಿಂತಾಗಲೆಲ್ಲ ನನಗೆ ಅನ್ನಿಸುತ್ತದೆ. ಮೊಹರಂ ಪದ ಹೇಳುವವರು ಈಗಲೂ ಇದ್ದಾರೆ.

ಬಿಡಿಸುವ ಕೆಲಸಕ್ಕೆ ಇಳಿಯುವವರಿಗೆ ಅನುಭವದಿಂದ ಕೆಲವು ಮಾತು. ಪದಗಾರರ ಮನೆಯಲ್ಲಿ ಕೈಬರಹದ ವಹಿ ಇರುತ್ತದೆ. ಅದನ್ನು ಪೂರ್ತಿ ನಂಬಬೇಡಿ, ಅಳಿಸಲೂ ಬೇಡಿ. ಬರೆದುಕೊಂಡ ಹುಡುಗ ಎಲ್ಲಿ ಮಾತು ಒಡೆಯಬೇಕೋ ಅಲ್ಲಿ ಕೂಡಿಸಿರುತ್ತಾನೆ, ಕೂಡಿಸಬೇಕಾದಲ್ಲಿ ಒಡೆದಿರುತ್ತಾನೆ. ಅದೇ ಪದವನ್ನು ಇನ್ನೆರಡು ಊರುಗಳಲ್ಲಿ ಕೇಳಿ ಪಕ್ಕ ಪಕ್ಕ ಇಟ್ಟರೆ ಗಂಟು ತಾನಾಗಿ ಸಡಿಲುತ್ತದೆ. ಒಂದು ಊರಿನವರು ನುಂಗಿದ ಅಕ್ಷರವನ್ನು ಇನ್ನೊಂದು ಊರಿನವರು ಉಳಿಸಿಕೊಂಡಿರುತ್ತಾರೆ. 1894ರ ಕಿಟ್ಟೆಲ್ ನಿಘಂಟಿನಲ್ಲಿ ಹಿಂದೂಸ್ತಾನಿ, ಮರಾಠಿಯಿಂದ ಬಂದ ಮಾತುಗಳಿಗೆ ಗುರುತು ಹಾಕಿದ್ದಾರೆ, ಅದು ದೊಡ್ಡ ಉಪಕಾರ. ರಹಮತ್ ತರೀಕೆರೆ ಅವರ ‘ಕರ್ನಾಟಕದ ಸೂಫಿಗಳು’ ಓದಿದರೆ ಈ ಮಾತುಗಳ ಹಿಂದಿನ ಜನ ಕಾಣುತ್ತಾರೆ. ದರ್ಗಾ, ಮಸೂತಿ ನೋಡಿಕೊಳ್ಳುವ ಊರಿನ ಮುಜಾವರರನ್ನು ಮರೆಯಬೇಡಿ. ಉರ್ದು ಬಲ್ಲ ಅವರು ಎಷ್ಟೋ ಮಾತನ್ನು ಕೂತಲ್ಲೇ ಬಿಡಿಸಿಕೊಡುತ್ತಾರೆ. ಆದರೆ ಅವರಿಂದಲೂ ಪದವನ್ನು ತಿದ್ದಿಸಬೇಡಿ. ‘ಸರಿಯಾದ ಉಚ್ಚಾರ’ ಅಂತ ಐಸುರವನ್ನು ಆಶೂರಾ ಮಾಡಿ ಹಾಡಿಸಿದ ಉತ್ಸಾಹಿಗಳನ್ನು ನಾನು ನೋಡಿದ್ದೇನೆ. ಹಲಗೆಯ ಪೆಟ್ಟಿಗೆ ಅದು ಕೂಡುವುದಿಲ್ಲ, ಹೆಜ್ಜೆ ತಪ್ಪುತ್ತದೆ.

ನಾನು ಬರೆದುಕೊಳ್ಳುವಾಗ ಪ್ರತಿ ಸಾಲಿನ ಕೆಳಗೆ ಎರಡು ಸಾಲು ಜಾಗ ಬಿಡುತ್ತೇನೆ. ಮೊದಲ ಸಾಲಿನಲ್ಲಿ ಹಾಡಿದವರು ಹೇಳಿದ ಅರ್ಥ, ಅವರದೇ ಮಾತಿನಲ್ಲಿ. ಎರಡನೆಯದರಲ್ಲಿ ನಿಘಂಟಿನ ಅರ್ಥ. ನಿಘಂಟು ಎಲ್ಲಿಗೂ ಹೋಗುವುದಿಲ್ಲ, ಬೇಕಾದಾಗ ನೋಡಬಹುದು. ಆ ತಾತ ತೀರಿಕೊಂಡು ಬಹಳ ವರ್ಷವಾಯಿತು. ಅವರ ಪದಗಳನ್ನು ಬರೆದುಕೊಂಡ ನನ್ನ ವಹಿಯಲ್ಲಿ, ನಾನು ಅರ್ಥ ಕೇಳದೆ ಬಿಟ್ಟ ಹನ್ನೊಂದು ಸಾಲು ಇನ್ನೂ ಖಾಲಿ ಇವೆ. ಅಕ್ಷರ ಗೊತ್ತು, ನಿಘಂಟಿನಿಂದ ಎರಡನೆಯ ಸಾಲು ತುಂಬಿದ್ದೇನೆ, ಮೊದಲನೆಯದು ಹಾಗೇ ಇದೆ.

ಮೊಹರಂ ಚಂದ್ರಮಾನದ ಹಬ್ಬ. ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಒಮ್ಮೆ ಹತ್ತಿ ಬಿಡಿಸುವಾಗ ಬರುತ್ತದೆ, ಒಮ್ಮೆ ಜೋಳ ಬಿತ್ತುವಾಗ. ಯಾವಾಗ ಬಂದರೂ ಗುದ್ದಲಿ ಬಿದ್ದ ಸಂಜೆಯಿಂದ ನಿಮ್ಮ ಊರಲ್ಲಿ ಪದದ ತಾಲೀಮು ಶುರುವಾಗುತ್ತದೆ. ಈ ಸಲ ಕೈಯಲ್ಲಿ ಫೋನ್ ಇರುವ ಮೊಮ್ಮಕ್ಕಳನ್ನು ಅಲ್ಲಿ ಕೂರಿಸಿ. ಪದ ಮುಗಿದ ಮೇಲೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ‘ತಾತಾ, ಈ ಮಾತಿಗೆ ಏನಂತ?’ ಅಂತ ಕೇಳಿ, ಉತ್ತರವೂ ಅದರಲ್ಲಿ ಬರಲಿ. ಅವರು ನಿಮಗೆ ನಗು ತರಿಸುವಂಥ ಅರ್ಥ ಹೇಳಿದರೆ ಅದನ್ನೂ ಬಿಡಬೇಡಿ.

ಕತ್ತಲ ರಾತ್ರಿಯ ಬಗ್ಗೆ ಒಂದು ಮಾತು ಬಾಕಿ ಇದೆ. ಒಂಬತ್ತರ ಚಂದ್ರ ನಡುರಾತ್ರಿ ಕಳೆದು ಒಂದೆರಡು ತಾಸಿಗೆ ಮುಳುಗುತ್ತಾನೆ. ಅಲ್ಲಿಂದ ನಸುಕಿನವರೆಗೆ ಅಲಾಯಿಯ ಕೆಂಡ ಬಿಟ್ಟರೆ ಊರಲ್ಲಿ ಬೇರೆ ಬೆಳಕಿಲ್ಲ. ಆ ಹೊತ್ತಿಗೆ ನಾನು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿರುತ್ತಿದ್ದೆ, ಅಜ್ಜಿ ಎದ್ದಿರುತ್ತಿದ್ದಳು.